ಪಟದ ಗಾಜಿನೊಳಗಿನ ಟೊಮೆಟೊ

ಇವತ್ತು ಬೆಳಿಗ್ಗೆ ನಮ್ಮ ಮಹಡಿಯ ಪ್ಲಾಸ್ಟಿಕ್ ಮನೆಯಲ್ಲಿ ಮೊದಲನೆಯ ಟೊಮೆಟೊ ಕೆಂಪಾಗಿದೆ. ಹಾಲಿನವನಿಗೆ ಹೇಳಿದೆ. ಕೆಳಗಿನ ಮನೆಯ ಬಾಡಿಗೆಯವರನ್ನು ಬಾಗಿಲು ತಟ್ಟಿ ಕರೆದು ಹೇಳಿದೆ. ಮೊಮ್ಮಗಳು ಹುಟ್ಟಿ ಇನ್ನೂ ತಿಂಗಳು ತುಂಬಿಲ್ಲ, ತೊಟ್ಟಿಲಲ್ಲಿ ಮುಷ್ಟಿ ಬಿಗಿಹಿಡಿದು ಮಲಗಿರುತ್ತಾಳೆ. ಅವಳ ಕಿವಿಯಲ್ಲೂ ಹೇಳಿದೆ, ಅವಳು ದೊಡ್ಡದಾಗಿ ಆಕಳಿಸಿದಳು. ನನಗೆ ಅದೂ ಒಂದು ಸಂತೋಷವೇ. ಈ ಮಗು ಬಂದ ಮೇಲೆ ನಾನು ನಾನಾಗಿ ಉಳಿದಿಲ್ಲ. ಸುಮ್ಮಸುಮ್ಮನೆ ನಗುತ್ತೇನೆ, ನಗುತ್ತ ನಗುತ್ತ ಕಣ್ಣೊರೆಸಿಕೊಳ್ಳುತ್ತೇನೆ. ಮಗ ರಘು ನನ್ನನ್ನು ಹೊಸಬಳನ್ನು ನೋಡುವ ಹಾಗೆ ನೋಡುತ್ತಾನೆ. ಅವರಪ್ಪ ತೀರಿಕೊಂಡಾಗಲೂ ನನ್ನ ಕಣ್ಣಲ್ಲಿ ಒಂದು ಹನಿ ನೀರು ಕಂಡವನಲ್ಲ ಅವನು.

“ಅಮ್ಮ, ಒಂದು ಟಮಾಟರ್‌ಗೆ ಇಡೀ ಶಿವಾಲ ಕೇರಿಗೇ ಡಂಗುರ ಹೊಡೀತಿದೀಯಲ್ಲ. ಸಬ್ಜಿಯವನ ಗಾಡಿ ತುಂಬ ಅದೇ ಬಿದ್ದಿರುತ್ತೆ.”

“ಬಿದ್ದಿರಲಿ ಕಣೋ. ಅದು ಗಾಡೀದು. ಇದು ನಂದು.”

ಸೊಸೆ ಸುಷ್ಮಾ ಈ ಕಾಶಿಯವಳೇ. ಮನೆಯಲ್ಲಿ ಅವಳದು ಹಿಂದಿ, ನನ್ನದು ಕನ್ನಡ, ಮಧ್ಯೆ ರಘು. ಅವಳಿಗೆ ಬಸುರಿನಲ್ಲಿ ಹುಳಿ ಬೇಕೆನ್ನಿಸಿದ ದಿನವೇ ನಾನು ಬಿದಿರು ಕಟ್ಟಿಸಿ, ಪ್ಲಾಸ್ಟಿಕ್ ಹೊದಿಸಿ, ಕೋತಿ ಬರದಂತೆ ಬಲೆ ಬಿಗಿಸಿ, ಬೀಜ ಊರಿದೆ. ಅಂಗಡಿಯಿಂದ ತಂದು ಬೇಕಾದಷ್ಟು ತಿಂದಳು, ಬಯಕೆ ಮುಗಿಯಿತು, ಹೆತ್ತಳು; ನನ್ನ ಗಿಡ ಈಗ ಹಣ್ಣು ಕೊಟ್ಟಿದೆ. “ಅಮ್ಮಾ, ಯಾಕೆ ಇಷ್ಟು ಹಟ?” ಎಂದು ಅವಳು ಎಷ್ಟೋ ಸಲ ಕೇಳಿದ್ದಾಳೆ. ಹಿಂದಿಯಲ್ಲಿ ಅರ್ಧ ಹೇಳಿದ್ದೇನೆ. ಉಳಿದರ್ಧ ಕನ್ನಡದಲ್ಲಿ ಮಾತ್ರ ಬರುತ್ತದೆ, ಅದನ್ನು ಇಲ್ಲಿ ಬರೆಯುತ್ತೇನೆ. ನನಗೆ ಓದು ಕಡಿಮೆ. ಗಂಗೆ ಏರಿ ಶಾಲೆಗೆ ನೀರು ನುಗ್ಗಿದ ವರ್ಷ ಮನೆಗೆ ಬಂದವಳು ನೀರಿಳಿದ ಮೇಲೂ ವಾಪಸು ಹೋಗಲಿಲ್ಲ. ಕನ್ನಡ ಅಕ್ಷರ ಕಲಿಸಿದ್ದು ನನ್ನ ಸೋದರತ್ತೆ, ಸೀತತ್ತೆ, ಒಲೆಯ ಮುಂದೆ ಬೂದಿ ಹರಡಿ. ತಪ್ಪಿದ್ದರೆ ಅದು ಬೂದಿಯ ತಪ್ಪು ಎಂದುಕೊಳ್ಳಿ.

ನಾನು ಹುಟ್ಟಿದ್ದು ಹನುಮಾನ್ ಘಾಟಿನ ಮೇಲಿನ ಗಲ್ಲಿಯಲ್ಲಿ, ಅಗಲವಿಲ್ಲದ, ಎತ್ತರ ಮಾತ್ರ ಇದ್ದ ಒಂದು ಮನೆಯಲ್ಲಿ. ಕೆಳಗೆ ಬಾವಿ ಮತ್ತು ಮಡಿ ಅಡುಗೆಮನೆ. ಅದರ ಮೇಲೆ ಯಾತ್ರಿಕರ ಕೋಣೆಗಳು. ಅದರ ಮೇಲೆ ನಾವು. ನಮ್ಮ ಮೇಲೆ ಬಯಲು ಮಹಡಿ, ಅಲ್ಲಿ ಕೋತಿಗಳು. ನಮ್ಮ ಕಡೆಯ ಜನ ಸತ್ತವರ ಕಾರ್ಯ ಮಾಡಲು ಕಾಶಿಗೆ ಬಂದರೆ ನಮ್ಮಲ್ಲಿ ಇಳಿಯುತ್ತಿದ್ದರು. ಅಪ್ಪ ಘಾಟಿನಲ್ಲಿ ಪಿಂಡ ಹಾಕಿಸಿ ಕರೆತರುತ್ತಿದ್ದರು, ಅಪ್ಪನ ಅಕ್ಕ ಸೀತತ್ತೆ ತಿಥಿಯ ಅಡುಗೆ ಮಾಡುತ್ತಿದ್ದಳು, ಅಮ್ಮ ಅವಳ ಜೊತೆ ಕೈಜೋಡಿಸುತ್ತಿದ್ದಳು. ಅಂದರೆ ನಮ್ಮ ಮನೆಯಲ್ಲಿ ದಿನಾ ಯಾರದಾದರೊಬ್ಬರ ತಿಥಿ. ಬೇರೆ ಮಕ್ಕಳಿಗೆ ವಡೆ ಅಂದರೆ ಹಬ್ಬ. ನನಗೆ ವಡೆ ಕರಿಯುವ ವಾಸನೆ ಅಂದರೆ ಯಾರೋ ಸತ್ತಿದ್ದಾರೆ, ಅಷ್ಟೆ. ವಡೆ, ಎಳ್ಳುಂಡೆ, ಹೆಸರುಬೇಳೆ ಪಾಯಸ, ಬಾಳೆಕಾಯಿ ಪಲ್ಯ, ಕಾಳುಮೆಣಸಿನ ಸಾರು. ಇದನ್ನು ತಿಂದೇ ನನ್ನ ಮೂಳೆ ಗಟ್ಟಿಯಾದದ್ದು. ಈರುಳ್ಳಿ, ಬೆಳ್ಳುಳ್ಳಿ, ಎಲೆಕೋಸು, ಹಸಿಮೆಣಸಿನಕಾಯಿ ಹೊಸಿಲು ದಾಟುತ್ತಿರಲಿಲ್ಲ. ಟೊಮೆಟೊ ಅಂತೂ ಗಲ್ಲಿಯ ತುದಿಯಲ್ಲೇ ನಿಲ್ಲಬೇಕು. ಅದು ಹೊರದೇಶದ ಹಣ್ಣು, ಪಿತೃಗಳಿಗೆ ಆಗದು, ಅದು ಬಂದ ಅಡುಗೆಮನೆಯ ಪಿಂಡವನ್ನು ಅವರು ಮುಟ್ಟುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ಗಲ್ಲಿಯ ಹುಡುಗಿಯರು ನನ್ನನ್ನು ‘ತೇರಹ್ವೀಂ ವಾಲಿ’ ಎನ್ನುತ್ತಿದ್ದರು, ಹದಿಮೂರನೇ ದಿನದ ಊಟದವಳು ಎಂದು. ನನಗೆ ಬೇಜಾರಾಗುತ್ತಿರಲಿಲ್ಲ. ಇದ್ದದ್ದನ್ನು ಹೇಳುತ್ತಿದ್ದಾರೆ ಎನ್ನಿಸುತ್ತಿತ್ತು.

ಯಾತ್ರಿಕರು ಅಳುತ್ತಿದ್ದರು. ಮೀಸೆ ಹೊತ್ತ ಗಂಡಸರು ಗೋಡೆಗೆ ಹಣೆ ಕೊಟ್ಟು ಅಳುತ್ತಿದ್ದರು. ಅವರ ಪಕ್ಕದಲ್ಲೇ ನಾನು ಮುತ್ತುಗದ ಎಲೆ ಹಾಸಿ, ನೀರು ಚಿಮುಕಿಸಿ, ಉಪ್ಪು ಇಟ್ಟುಕೊಂಡು ಹೋಗುತ್ತಿದ್ದೆ. ಒಮ್ಮೆ, ತೀರ ಚಿಕ್ಕವಳಿದ್ದಾಗ, ಒಬ್ಬ ಹೆಂಗಸು ಅಳುವುದನ್ನು ನೋಡಿ ನಾನೂ ಅತ್ತುಬಿಟ್ಟಿದ್ದೆ. ಅಪ್ಪ ನನ್ನನ್ನು ಒಳಗೆ ಕರೆದು ಮುಖ ತೊಳೆಸಿದರು. ಗದರಲಿಲ್ಲ.

“ಪುಟ್ಟಿ, ಅವರು ಅಳ್ತಾರೆ. ನಾವು ಬಡಿಸ್ತೇವೆ. ಇಬ್ಬರೂ ಅತ್ತರೆ ಅವರ ಊಟ ಆಗೋದು ಯಾವಾಗ?”

ಅದು ಸರಿ ಎಂದು ನನಗೆ ತೋರಿತು. ಅಂದಿನಿಂದ ಕೈಗೆ ಕೆಲಸ, ಕಣ್ಣಿಗೆ ರಜ.

ಅಮ್ಮ ಎರಡನೆಯ ಸಲ ಬಸುರಿಯಾದಾಗ ಅವಳಿಗೆ ಟೊಮೆಟೊ ಬೇಕೆನ್ನಿಸಿತು. ತುಮಕೂರಿನ ಕಡೆಯ ಅವಳ ತವರಿನಲ್ಲಿ ಹಿತ್ತಲ ತುಂಬ ಬೆಳೆಯುತ್ತಿದ್ದರಂತೆ, ಹಣ್ಣು ಕಿವುಚಿ, ಬೆಲ್ಲ ಹಾಕದೆ, ಬರೀ ಒಗ್ಗರಣೆಯ ಸಾರು ಮಾಡುತ್ತಿದ್ದರಂತೆ. ಬಾವಿಕಟ್ಟೆಯ ಮೇಲೆ ಕುಳಿತು ಅಕ್ಕಿ ಆರಿಸುತ್ತ ಅದನ್ನೇ ಸೀತತ್ತೆಗೆ ಹೇಳುವಳು. ಹೇಳುವಾಗ ಅವಳ ಗಂಟಲು ನುಂಗುವುದು ಕಾಣುತ್ತಿತ್ತು.

“ಅಕ್ಕ, ಒಂದೇ ಒಂದು ಸಲ. ಮಹಡಿ ಮೇಲೆ ನಾನೇ ಮಾಡ್ಕೋತೀನಿ. ಆಮೇಲೆ ತಲೆಮೇಲೆ ಸ್ನಾನ ಮಾಡಿ ಬರ್ತೀನಿ.”

“ಹುಣಿಸೇಹಣ್ಣು ಇದೆಯಲ್ಲೇ, ಚೀಪು. ಈ ಮನೇಲಿ ಅದೊಂದು ಕೇಳಬೇಡ,” ಎಂದಳು ಸೀತತ್ತೆ. ಅವಳು ಕೆಟ್ಟವಳಲ್ಲ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮನ ಒಲೆಗೆ ಬಂದವಳು. ಆ ಒಲೆಯ ಮಡಿಯೇ ಅವಳ ಮರ್ಯಾದೆ. ಅಮ್ಮ ಹುಣಿಸೇಹಣ್ಣು ಚೀಪಿದಳು. ಮಾಘದ ಚಳಿಯಲ್ಲಿ ಹೆರಿಗೆಗೆಂದು ಹೋದವಳು ವಾಪಸು ಬರಲಿಲ್ಲ, ಮಗುವೂ ಬರಲಿಲ್ಲ. ಬೆಳಿಗ್ಗೆ ಹೇಳಿದರು. ಗಲ್ಲಿಯ ಹೆಂಗಸರೆಲ್ಲ ಬಂದು ನನ್ನ ಮುಖವನ್ನೇ ನೋಡುತ್ತ ನಿಂತರು, ಈಗ ಅಳುತ್ತಾಳೆ, ಈಗ ಅಳುತ್ತಾಳೆ ಎಂದು. ನಾನು ಅತ್ತೆಯನ್ನು ಕೇಳಿದೆ:

“ಎಲೆ ಎಷ್ಟು ಹಾಕಲಿ?”

ಕಾಲು ಮಡಿಸಿ ಬಹಳ ಹೊತ್ತು ಕುಳಿತರೆ ಜೋಮು ಹಿಡಿಯುತ್ತದಲ್ಲ, ಚಿವುಟಿದರೂ ಅದು ಬೇರೆ ಯಾರದೋ ಕಾಲು ಅನ್ನಿಸುತ್ತದೆ. ನನಗೆ ಒಳಗೆಲ್ಲ ಹಾಗೆ. ದುಃಖ ಅಂತ ಹೇಳಿದರೆ ಸುಳ್ಳಾಗುತ್ತದೆ. ಏಳುತ್ತಿದ್ದೆ, ಸ್ನಾನ, ಎಲೆ, ಉಪ್ಪು, ನೀರು. ಊಟಕ್ಕೆ ಹಾಕಿದ್ದನ್ನು ತಿನ್ನುತ್ತಿದ್ದೆ, ಇನ್ನಷ್ಟು ಬೇಕೆಂದು ಕೇಳುತ್ತಿರಲಿಲ್ಲ, ಸಾಕು ಎಂದೂ ಹೇಳುತ್ತಿರಲಿಲ್ಲ. ಒಂದು ದಿನ ಅತ್ತೆ ಪರೀಕ್ಷೆ ಮಾಡಲೆಂದು ಉಪ್ಪಿಲ್ಲದ ಸಾರು ಬಡಿಸಿದಳಂತೆ, ಅದನ್ನೂ ಅನ್ನಕ್ಕೆ ಕಲಸಿ ತಿಂದು ಕೈ ತೊಳೆದೆನಂತೆ. ಅವತ್ತಿನಿಂದ ಅತ್ತೆ ನನ್ನನ್ನು ಬೇರೆ ರೀತಿ ನೋಡತೊಡಗಿದಳು.

ಇನ್ನು ಪಟಗಳ ವಿಷಯ ಹೇಳಬೇಕು. ಯಾತ್ರಿಕರು ಸತ್ತವರ ಪಟ ತರುತ್ತಿದ್ದರು, ಅದಕ್ಕೆ ಹಾರ ಹಾಕಿ ಕಾರ್ಯ ಮುಗಿಸಿ, ಎಷ್ಟೋ ಜನ “ಇನ್ನು ಗಂಗೆಗೆ ಬಿಟ್ಟುಬಿಡಿ ಭಟ್ಟರೇ” ಎಂದು ನಮ್ಮಲ್ಲೇ ಬಿಟ್ಟು ರೈಲು ಹತ್ತುತ್ತಿದ್ದರು. ಚೌಕಟ್ಟಿನ ಸಮೇತ ಬಿಟ್ಟರೆ ಪಟ ತೇಲುತ್ತದೆ, ಮುಖ ಮೇಲೆ ಮಾಡಿಕೊಂಡು ಘಾಟಿಗೇ ವಾಪಸು ಬರುತ್ತದೆ. ಗಾಜನ್ನು ನೀರಿಗೆ ಹಾಕಿದರೆ ಸ್ನಾನಕ್ಕೆ ಮುಳುಗುವವರ ಕಾಲು ಸೀಳುತ್ತದೆ. ಅದಕ್ಕೆ ಅಪ್ಪ ಮೆಟ್ಟಿಲ ಬಳಿ ಕುಳಿತು ಬಿಚ್ಚುತ್ತಿದ್ದರು: ಪಟವನ್ನು ಬೋರಲು ಹಾಕಿ, ಇಕ್ಕಳದಿಂದ ಹಿಂದಿನ ಮೊಳೆ ಕಿತ್ತು, ರಟ್ಟು ತೆಗೆದು, ಕಾಗದವನ್ನು ಹಿಂದಿನಿಂದಲೇ ಎಳೆದು ಬುಟ್ಟಿಗೆ. ಕಾಗದ ಗಂಗೆಗೆ, ಕಟ್ಟಿಗೆ ಒಲೆಗೆ, ಗಾಜು ಮೆಟ್ಟಿಲ ಕೆಳಗೆ. ಮುಖ ನೋಡುತ್ತಿರಲಿಲ್ಲ. “ನೋಡಿದರೆ ಕೈ ನಿಲ್ಲುತ್ತೆ” ಎನ್ನುತ್ತಿದ್ದರು. ಗಾಜುಗಳನ್ನು ಅತ್ತೆ ಬೂದಿ ಹಚ್ಚಿ ತೊಳೆದು ಒರಗಿಸುತ್ತಿದ್ದಳು. ಯಾಕೆ ತೊಳೆಯಬೇಕು ಎಂದು ಯಾರಿಗೂ ಗೊತ್ತಿರಲಿಲ್ಲ, ಪಾತ್ರೆಯ ಹಾಗೆ ಅದೂ ಒಂದು.

ಅಮ್ಮ ಹೋದ ವರ್ಷ, ಪಿತೃಪಕ್ಷಕ್ಕೆ ಜನ ಬರುವ ಮುಂಚೆ ಗೋಡೆಗೆ ಸುಣ್ಣ ಹೊಡೆಸಿದರು. ಅಮ್ಮನ ಪಟ ಇದ್ದದ್ದು ಒಂದೇ, ಮದುವೆಯ ಹೊಸದರಲ್ಲಿ ತೆಗೆಸಿದ್ದು. ಸುಣ್ಣದವನು ಅದನ್ನು ಮೊಳೆಯಿಂದ ಇಳಿಸಿ ಮೆಟ್ಟಿಲ ಬಳಿ ಒರಗಿಸಿದ, ಯಾತ್ರಿಕರ ಪಟಗಳ ಸಾಲಿನಲ್ಲಿ. ಅಪ್ಪ ಬಂದರು, ಕುಳಿತರು, ಒಂದೊಂದನ್ನೇ ಬೋರಲು ಹಾಕಿದರು. ಸಂಜೆ ಹೊಸ ಸುಣ್ಣದ ಗೋಡೆಯಲ್ಲಿ ಬರೀ ಮೊಳೆ ನೋಡಿದಾಗಲೇ ಗೊತ್ತಾದದ್ದು. ಆ ಹೊತ್ತಿಗೆ ಬುಟ್ಟಿ ಗಂಗೆಯಲ್ಲಿ ಖಾಲಿಯಾಗಿತ್ತು. ಅಪ್ಪ ಮೊಳೆಯನ್ನು ನೋಡಿ, “ಗಂಗೆಗೇ ಹೋಯಿತಲ್ಲ, ಒಳ್ಳೇದೇ ಆಯ್ತು” ಎಂದು ಸಂಧ್ಯಾವಂದನೆಗೆ ಕೂತರು. ನಾನು ಆ ಮೊಳೆಗೆ ಲಂಗ ನೇತುಹಾಕತೊಡಗಿದೆ. ಯಾರೂ ಬೇಡ ಎನ್ನಲಿಲ್ಲ.

ಇದಾದ ಸ್ವಲ್ಪ ದಿನಕ್ಕೇ ಅತ್ತೆ ನನ್ನ ಕೈಹಿಡಿದು ಗಲ್ಲಿಯ ತುದಿಯ ತರಕಾರಿಯವಳ ಹತ್ತಿರ ಹೋದಳು. ಬಾಳೆಕಾಯಿ ಆರಿಸುತ್ತ ಆರಿಸುತ್ತ ಕೈ ಪಕ್ಕದ ಬುಟ್ಟಿಯ ಕಡೆ ಹೋಯಿತು.

“ಕಾ ಹೋ ಮಾತಾಜಿ!” ತರಕಾರಿಯವಳು ಇಡೀ ಗಲ್ಲಿಗೆ ಕೇಳುವ ಹಾಗೆ ಕೂಗಿದಳು. “ಆಜ್ ಟಮಾಟರ್? ಪಂಡಿತ್‌ಜಿ ನಿಮ್ಮನ್ನ ಮನೆಯೊಳಗೆ ಬಿಡ್ತಾರಾ?”

ಅತ್ತೆ ಕೈ ಹಿಂದೆಳೆದುಕೊಂಡಳು. ಆದರೆ ಏಳುವಾಗ ನೆಲದ ಮೇಲೆ ಯಾರದೋ ಕಾಲಿಗೆ ಸಿಕ್ಕು ಅಪ್ಪಚ್ಚಿಯಾಗಿದ್ದ ಒಂದು ಹಣ್ಣನ್ನು ಎತ್ತಿ ಸೆರಗಿಗೆ ಕಟ್ಟಿಕೊಂಡಳು. ಮಹಡಿಯಲ್ಲಿ ಬೀಜ ತೆಗೆದು, ಬೂದಿಯಲ್ಲಿ ಹೊರಳಿಸಿ, ಒಣಗಿಸಿ, ಎಣ್ಣೆ ಡಬ್ಬಗಳಲ್ಲಿ ಗಂಗೆಯ ಮೆಕ್ಕಲುಮಣ್ಣು ತುಂಬಿ ಊರಿದಳು. ಮೊಳಕೆ ಬಂದ ವಾರವೇ ಕೋತಿಗಳು ಅರ್ಧ ಕಿತ್ತವು. ಆಗ ಅವಳು ಬಿದಿರನ್ನು ಸೀಳಿ ಚೌಕಗಳಾಗಿ ಕಟ್ಟಿ, ಮೆಟ್ಟಿಲ ಕೆಳಗಿನ ಗಾಜುಗಳನ್ನು ಸೀಳಿನೊಳಗೆ ತೂರಿಸಿ ತಂತಿ ಬಿಗಿದು, ನನ್ನ ಎತ್ತರದ ಒಂದು ಮನೆ ಕಟ್ಟಿದಳು. ಸಣ್ಣದು, ದೊಡ್ಡದು, ಮೊಟ್ಟೆಯಾಕಾರದ್ದು, ಎಲ್ಲ ಬಗೆಯ ಗಾಜು. ಬಾಗಿಲ ಮುಂದೆ ತುಳಸಿಯ ಕುಂಡ ಇಟ್ಟಳು. ಕಾಶಿಯ ಚಳಿಗೆ ತುಳಸಿ ಸುಟ್ಟುಹೋಗುತ್ತದೆ, ಎಲ್ಲರೂ ಏನಾದರೂ ಹೊದಿಸುತ್ತಾರೆ. ಅಪ್ಪ ಮಹಡಿ ಹತ್ತುವವರಲ್ಲ, ಕೇಳಿದ್ದಕ್ಕೆ “ತುಳಸಿಗೆ ಚಳಿ” ಎಂದಳು, ಅವರು ತಲೆದೂಗಿದರು.

ನನಗೆ ಮಾತ್ರ ನಿಜ ಹೇಳಿದಳು.

“ನಿಮ್ಮಮ್ಮನ ವರ್ಷದ ತಿಥಿ ಹೊತ್ತಿಗೆ ಇದು ಹಣ್ಣಾಗಬೇಕು. ಅವಳ ಎಲೆಗೆ ಬಡಿಸ್ತೀನಿ. ಇದ್ದಾಗ ಕೊಡಲಿಲ್ಲ.”

ಹೊರಗೆ ಮಂಜು, ಆಚೆ ದಡ ಇರಲಿ ಪಕ್ಕದ ಮನೆಯೇ ಕಾಣದು. ಒಳಗೆ ಗಾಜು ಬೆವೆತು, ಎಲೆಗಳ ಖಾರ ವಾಸನೆ ತುಂಬಿ, ಬೆಚ್ಚಗೆ. ಅಕ್ಕಿ ತೊಳೆದ ನೀರು ಹಾಕುತ್ತಿದ್ದೆವು. ಎಲೆಯ ಕಂಕುಳಲ್ಲಿ ಹೊರಟ ಚಿಗುರು ಚಿವುಟುತ್ತಿದ್ದೆವು, ಬೆರಳೆಲ್ಲ ಹಸಿರು ಹಳದಿ. ಗಾಜಿನೊಳಗೆ ಗಾಳಿಯಿಲ್ಲ, ದುಂಬಿಯಿಲ್ಲ, ಹೂವು ಹಾಗೇ ಉದುರುತ್ತಿತ್ತು. ಅತ್ತೆ ಯೋಚಿಸಿ ಯೋಚಿಸಿ, ಒಂದು ದಿನ ತಂಬೂರಿ ಮೀಟಿದ ಹಾಗೆ ಹೂಗೊಂಚಲನ್ನು ಬೆರಳಿನಿಂದ ಮೀಟಿದಳು. ಪುಡಿ ಹಾರಿತು. ಆಮೇಲೆ ಕಾಯಿ ನಿಂತಿತು. ಇದನ್ನು ಮಾಡಿ ಕೆಳಗಿಳಿದು, ಆ ಚಳಿಯಲ್ಲಿ ತಲೆಮೇಲೆ ಬಾವಿಯ ನೀರು ಸುರಿದುಕೊಂಡು, ಒದ್ದೆ ಸೀರೆಯಲ್ಲಿ ತಿಥಿಯ ಒಲೆ ಹಚ್ಚುವಳು. ನಾನು ನೋಡುತ್ತಿದ್ದೆ. ಅವಳಿಗೆ ಚಳಿಯಾಗುತ್ತದೆ ಎಂದು ಗೊತ್ತಾಗುತ್ತಿತ್ತು, ಅಯ್ಯೋ ಎನ್ನಿಸುತ್ತಿರಲಿಲ್ಲ.

ಅಮ್ಮನ ತಿಥಿಯ ಹಿಂದಿನ ದಿನ ಬಿಸಿಲು ಬಂತು. ಒಬ್ಬ ಯಾತ್ರಿಕ ಒದ್ದೆ ಪಂಚೆ ಒಣಗಿಸಲು ಮಹಡಿಗೆ ಹೋಗಿದ್ದವನು ಇಳಿದು ಬಂದು, ಎಲೆಯ ಮುಂದೆ ಕೂರುತ್ತ ನಗುನಗುತ್ತಲೇ ಕೇಳಿದ:

“ಭಟ್ಟರೇ, ನಿಮ್ಮ ತುಳಸಿ ಕೆಂಪಗೆ ಹಣ್ಣು ಬಿಟ್ಟಿದೆಯಲ್ಲ!”

ಅಪ್ಪ ಆ ಊಟ ಮುಗಿಸಿಕೊಟ್ಟರು. ದಕ್ಷಿಣೆ, ಆಶೀರ್ವಾದ ಎಲ್ಲ ಸರಿಯಾಗಿ ಆಯಿತು. ಆಮೇಲೆ ಇಕ್ಕಳ ತೆಗೆದುಕೊಂಡು ಮಹಡಿ ಹತ್ತಿದರು. ಅತ್ತೆ ಹಿಂದೆ, ನಾನು ಅವಳ ಹಿಂದೆ.

“ತುಳಸಿ ಅಂದಿದ್ದೆಯಲ್ಲ ಅಕ್ಕ.”

“ತುಳಸೀನೂ ಇದೆಯಲ್ಲೋ.”

“ಅಕ್ಕ, ಈ ಮಾತು ಗಲ್ಲೀಲಿ ಹರಡಿದ್ರೆ ನಾಳೆ ಯಾರು ನಮ್ಮ ಹೊಸಿಲು ತುಳೀತಾರೆ? ಯಾಕೆ ತಂದೆ ಇದನ್ನ?”

“ನಾಳೆ ಅವಳ ಎಲೆಗೆ.”

ಅಪ್ಪ ಅವಳ ಕಡೆ ತಿರುಗಿದರು.

“ತಿಥಿ ಎಲೆಗೆ? ಟೊಮೆಟೊ? ನಿನಗೇನಾಗಿದೆ?”

“ಸತ್ತವರಿಗೆ ಇಷ್ಟವಾದದ್ದು ಬಡಿಸಿ ಅಂತ ಬಂದವರಿಗೆಲ್ಲ ಹೇಳೋನು ನೀನು.”

“ನಿಷಿದ್ಧ ಬಿಟ್ಟು!”

“ಬಸುರಿ ಬಾಯಿಗೆ ಏನೋ ನಿಷಿದ್ಧ? ಅವತ್ತು ನಾನೂ ನಿನ್ನ ಹಾಗೇ ಅಂದೆ. ಹುಣಿಸೇಹಣ್ಣು ಚೀಪು ಅಂದೆ. ಚೀಪಿದಳು, ಹೋದಳು.”

ಅಪ್ಪ ತಂತಿ ಕೀಳತೊಡಗಿದರು. ಪಳಗಿದ ಕೈ, ಗಾಜು ಒಂದರ ಮೇಲೊಂದು ಕೂರತೊಡಗಿತು. ಮೊದಲ ಬದಿ ಬಿಚ್ಚಿ ಮುಗಿಯುವ ಹೊತ್ತಿಗೆ ಒಂದು ಕೋತಿ ಆಗಲೇ ಗೋಡೆಯ ಮೇಲೆ ಬಂದು ಕುಳಿತಿತ್ತು. ಅಪ್ಪ ಪೂರ್ವದ ಬದಿಯ ದೊಡ್ಡ ಗಾಜನ್ನು ಹೊರಕ್ಕೆ ಎಳೆದರು, ಕೊಳೆ ಎಂದುಕೊಂಡು ಒರೆಸಲು ಬಿಸಿಲಿಗೆ ಹಿಡಿದರು. ಹಾಗೇ ನಿಂತರು.

ಆ ಗಾಜಿನ ಒಂದು ಮೂಲೆಯಲ್ಲಿ ಒಂದು ಕಿವಿ ಇತ್ತು. ಕಿವಿಯಲ್ಲಿ ಓಲೆ. ಓಲೆಯ ಕೆಳಗೆ ಕತ್ತು, ಹೆಗಲ ಮೇಲಿನ ಸೀರೆಯ ಅಂಚು. ಮಳೆಗಾಲದ ತೇವಕ್ಕೆ ಅಮ್ಮನ ಪಟದ ಕಾಗದ ಗಾಜಿಗೆ ಅಂಟಿಕೊಂಡಿತ್ತು. ಅಪ್ಪ ಹಿಂದಿನಿಂದ ಎಳೆದಾಗ ಕಾಗದ ಬಂದಿತ್ತು, ಅಷ್ಟು ಭಾಗ ಮಾತ್ರ ಗಾಜಿನ ಮೇಲೆ ಉಳಿದಿತ್ತು. ಮುಖ ಇರಲಿಲ್ಲ. ಮುಖ ಗಂಗೆಗೆ ಹೋಗಿತ್ತು.

“ತೊಳೆಯುವಾಗ ಕಂಡೆ,” ಎಂದಳು ಅತ್ತೆ. “ಅದೊಂದನ್ನ ತೊಳೀಲಿಲ್ಲ.”

“ನನಗೆ ಹೇಳಲಿಲ್ಲ.”

“ಹೇಳಿದ್ರೆ ಏನ್ ಮಾಡ್ತಿದ್ದೆ? ಗಾಜು ನೀರಿಗೆ ಹಾಕಬಾರದು ಅಂತ ನೀನೇ ಹೇಳಿದ್ದು.”

ಅಪ್ಪ ಗಾಜನ್ನು ತೊಡೆಯ ಮೇಲಿಟ್ಟುಕೊಂಡು ಟೊಮೆಟೊ ಡಬ್ಬಗಳ ಪಕ್ಕ ನೆಲದ ಮೇಲೆ ಕುಳಿತುಬಿಟ್ಟರು. ಅವರ ಹೆಗಲು ಅಲುಗುತ್ತಿತ್ತು. ಅಪ್ಪ ಅಳುವುದನ್ನು ನಾನು ಮೊದಲ ಸಲ ನೋಡಿದೆ. ಅವರು ಅಳುತ್ತಿದ್ದಾರೆ, ಹಾಗಾದರೆ ನಾವು ಬಡಿಸಬೇಕು ಎಂದು ನನ್ನ ತಲೆಗೆ ಬಂತು, ಆದರೆ ಕೈಯಲ್ಲಿ ಏನೂ ಇರಲಿಲ್ಲ. ಅತ್ತೆಯ ಸೆರಗು ಹಿಡಿದು ನಿಂತೆ. ಕೋತಿಯೂ ನೋಡುತ್ತಿತ್ತು. ಅತ್ತೆ ಒಂದು ಕಣ್ಣು ತಮ್ಮನ ಮೇಲೆ, ಒಂದು ಕಣ್ಣು ಕೋತಿಯ ಮೇಲೆ ಇಟ್ಟಿದ್ದಳು.

ಬಹಳ ಹೊತ್ತಿನ ಮೇಲೆ ಅಪ್ಪ ಎದ್ದು ಗಾಜುಗಳನ್ನು ಒಂದೊಂದಾಗಿ ತಾವೇ ವಾಪಸು ತೂರಿಸಿ ತಂತಿ ಬಿಗಿದರು. ಕೆಳಗಿಳಿಯುವಾಗ ತಿರುಗದೆಯೇ ಹೇಳಿದರು:

“ಎಲೆಗೆ ಬೇಡ ಅಕ್ಕ. ನನ್ನ ಕೈಲಾಗಲ್ಲ. ಪುಟ್ಟಿಗೆ ಹಾಕು.”

ಮಾರನೆಯ ದಿನ ತಿಥಿ ಎಲ್ಲರ ತಿಥಿಯ ಹಾಗೇ ಆಯಿತು. ವಡೆ, ಎಳ್ಳುಂಡೆ, ಪಾಯಸ. ಎಲೆ ನಾನೇ ಹಾಕಿದೆ. ಎಲ್ಲ ಮುಗಿದು, ಒಲೆ ಆರಿಸಿ, ಅತ್ತೆ ಮಹಡಿಗೆ ಇದ್ದಿಲಿನ ಅಂಗೀಠಿ ಹೊತ್ತು ತಂದಳು. ಹಣ್ಣು ಬೇಯಿಸಿ, ಕೈಯಲ್ಲಿ ಕಿವುಚಿ, ಉಪ್ಪು, ತುಪ್ಪದ ಒಗ್ಗರಣೆ. ಅವಳು ಹುಟ್ಟಿದಾಗಿನಿಂದ ಮಾಡಿರದ ಅಡುಗೆ; ಅಮ್ಮ ಬಾವಿಕಟ್ಟೆಯಲ್ಲಿ ಕುಳಿತು ಹೇಳುತ್ತಿದ್ದುದನ್ನು ಕೇಳಿಸಿಕೊಂಡಿದ್ದಳಲ್ಲ, ಅಷ್ಟೇ. ರುಚಿ ನೋಡುವಂತಿಲ್ಲ, ನನ್ನ ಮುಖವನ್ನೇ ನೋಡುತ್ತ ಅನ್ನದ ಮೇಲೆ ಸುರಿದಳು. ಮೊದಲ ತುತ್ತಿಗೆ ಕಿವಿಯ ಕೆಳಗೆ, ದವಡೆಯ ಮೂಲೆಯಲ್ಲಿ ಚುಳ್ ಎಂದಿತು. ಜೋಮು ಹಿಡಿದ ಕಾಲನ್ನು ನೆಲಕ್ಕೆ ಊರಿದಾಗ ಸೂಜಿ ಚುಚ್ಚುತ್ತದಲ್ಲ, ಹಾಗೆ. ನಾಲಿಗೆ ನನ್ನದು ಎಂದು ಗೊತ್ತಾಯಿತು. ಅಷ್ಟೆ. ಅಳು ಬರಲಿಲ್ಲ, ಅಮ್ಮನ ಮುಖ ಕಣ್ಣಿಗೆ ಕಟ್ಟಲಿಲ್ಲ. ಮೆಟ್ಟಿಲ ತಲೆಯಲ್ಲಿ ಅಪ್ಪ ಬಂದು ನಿಂತಿದ್ದರು, ಅಲ್ಲಿಂದಲೇ ಕೇಳಿದರು:

“ಹುಳಿ ಸರಿಯಾಗಿದೆಯೇನೇ?”

ಎಲೆಯನ್ನು ಅತ್ತೆಯ ಕಡೆ ಸರಿಸಿದೆ.

“ಇನ್ನೂ ಸ್ವಲ್ಪ ಹಾಕು ಅತ್ತೆ.”

ಅಮ್ಮ ಹೋದ ಮೇಲೆ ನಾನು ಬೇಕೆಂದು ಕೇಳಿದ್ದು ಅದೇ ಮೊದಲು. ಅತ್ತೆ ಸೌಟನ್ನು ಹಿಡಿದುಕೊಂಡೇ ಅತ್ತಳು. ಪೂರ್ತಿ ಜೋಮು ಇಳಿಯಲಿಲ್ಲ. ಅತ್ತೆ ಹೋದಾಗ, ಅಪ್ಪ ಹೋದಾಗ, ರಘುವಿನ ಅಪ್ಪ ಹೋದಾಗ ನಾನು ಎಲೆ ಹಾಕಿದವಳೇ. ಆ ಗಾಜಿನ ಮೇಲಿನ ಕಿವಿ, ಓಲೆ, ಅಂಚು ಬಿಸಿಲಿಗೆ ಬಿಳಿಚಿ ಬಿಳಿಚಿ ಎರಡು ಚಳಿಗಾಲದಲ್ಲಿ ಬರೀ ಗಾಜಾಯಿತು. ಅತ್ತೆ ಅದನ್ನು ಒಳಗೆ ಎತ್ತಿಡಲಿಲ್ಲ. ಗಿಡಕ್ಕೆ ಬೇಕಲ್ಲ ಎಂದಳು.

ಈಗ ಇವತ್ತಿನ ಮಾತು. ಹಣ್ಣು ಕಿತ್ತು ತಂದು ಸುಷ್ಮಾಳಿಗೆ ತೋರಿಸಿದೆ. ಅವಳು ಮೂಸಿದಳು, ಕಣ್ಣು ಮುಚ್ಚಿದಳು.

“ಅಮ್ಮಾ, ಇವತ್ತು ಇದರ ಸಾರು?”

ಬಾಣಂತಿಗೆ ಹುಳಿ ಆಗದು ಎಂಬುದು ನಮ್ಮಲ್ಲೂ ಇದೆ, ಅವಳ ಅಮ್ಮನ ಕಡೆಯೂ ಇದೆ. ಹೆರಿಗೆಯಾದಾಗಿನಿಂದ ಮೆಣಸಿನ ಸಾರು, ಶುಂಠಿಯ ಲಡ್ಡು ತಿಂದು ಅವಳ ಬಾಯಿ ಸತ್ತಿದೆ. ಮನೆಗೆ ಹಿರಿಯಳು ಈಗ ನಾನು. ಬೇಡ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಸೀತತ್ತೆಯ ದನಿಯಲ್ಲೇ ಬಂದಿತ್ತು. ಅದನ್ನು ನುಂಗಿ ಒಲೆ ಹಚ್ಚಿದೆ. ರಘು ಡಾಕ್ಟರಿಗೆ ಫೋನು ಮಾಡಿ, “ಎಲ್ಲಾ ತಿನ್ನಬಹುದಂತೆ ಅಮ್ಮ” ಎಂದು ಬಂದು ಹೇಳುವ ಹೊತ್ತಿಗೆ ಒಗ್ಗರಣೆ ಸಿಡಿದಿತ್ತು. ಬೆಲ್ಲ ಹಾಕಲಿಲ್ಲ. ಮಗುವನ್ನು ಒಂದು ತೊಡೆಯ ಮೇಲೆ ಹಾಕಿಕೊಂಡು ಸುಷ್ಮಾ ಉಂಡಳು. ನಾನು ಬಡಿಸುತ್ತ ನಿಂತೆ. ಸಾರು ಕಾಣಿಸದಷ್ಟು ಕಣ್ಣು ತುಂಬಿತ್ತು, ಅರ್ಧ ತಟ್ಟೆಯ ಹೊರಗೆ ಬಿತ್ತು. ಅವಳು ನನ್ನ ಮುಖ ನೋಡಿದಳು. ತಟ್ಟೆಯನ್ನು ನನ್ನ ಕಡೆ ಸರಿಸಿದಳು.

“ಅಮ್ಮಾ, ಥೋಡಾ ಔರ್.”